ಮುಖ ಕಾಣುವಂತೆ ಬೆಳಗಿದ ಡಬರಿ

ರಾಬರ್ಟ್‌ಸನ್‌ಪೇಟೆ
ಭಾನುವಾರ, 9 ಫೆಬ್ರವರಿ 1936

ಪ್ರೀತಿಯ ಮುತ್ಯಾಲಮ್ಮ,

“ತುಂಬಿ ಬಂದದ್ದು ತುಂಬೇ ಹೋಗಲಿ” – ನೀನು ರಾಗಿ ಬೀಸುವಾಗ ಹಾಡುತ್ತಿದ್ದ ಪದದಲ್ಲಿ ಹೀಗೊಂದು ಸಾಲಿತ್ತಲ್ಲವೇ? ಮುಂದಿನ ಸಾಲು ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ಅದು ಕೆರೆಯ ಮಾತೋ, ತವರಿಗೆ ಬಂದ ಮಗಳ ಮಾತೋ? ಆಗ ಅರ್ಥ ಕೇಳಲಿಲ್ಲ, ರಾಗವಷ್ಟೇ ಸಾಕೆನಿಸಿತ್ತು. ಈಗ ಪೆಟ್ಟಿಗೆ ಕಟ್ಟುತ್ತಾ ಬೆಳಗಿನಿಂದ ಅದನ್ನೇ ಗುನುಗುತ್ತಿದ್ದೇನೆ.

ನೀನೂ ನಿನ್ನ ಯಜಮಾನರೂ ಮಕ್ಕಳೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಐದು ವರ್ಷ ಬರೆಯಲಿಲ್ಲ, ಕ್ಷಮಿಸು. ನಿನ್ನ ಮದುವೆಯಾದ ಮೇಲೆ ಬೂದಿಕೋಟೆಗೆ ಬರೆದ ಎರಡು ಕಾಗದಕ್ಕೂ ಉತ್ತರ ಬರಲಿಲ್ಲ. ಮೂರನೆಯದಕ್ಕೆ ಅಭಿಮಾನ ಅಡ್ಡ ಬಂತು.

ಬರುವ ಶುಕ್ರವಾರ ನಾನು ಊರಿಗೆ ಹೊರಡುತ್ತಿದ್ದೇನೆ. ಕಾರ್ನ್‌ವಾಲಿನಲ್ಲಿ ಅಮ್ಮನಿಗೆ ಕಣ್ಣು ಕಾಣುತ್ತಿಲ್ಲ. ಇಲ್ಲಿನ ಗಣಿಯಲ್ಲಿದ್ದ ಅಣ್ಣ ಹೋದ ವರ್ಷವೇ ಹಿಂತಿರುಗಿದ. ಮಿಷನ್ನಿನ ಶಾಲೆಯಲ್ಲಿ ಎರಡು ವರ್ಷ ಸೇವೆ ಮಾಡಲೆಂದು ಬಂದವಳು ಒಂಬತ್ತು ವರ್ಷ ಉಳಿದೆ. ಮತ್ತೆ ಬರುವೆನೆಂದು ಹೇಳಲಾರೆ, ನಲವತ್ತೆಂಟಾಯಿತು.

ಈ ಕಾಗದ ಕನ್ನಡದಲ್ಲಿದೆಯೆಂದರೆ ಅದು ನಿನ್ನ ಮತ್ತು ನಿನ್ನ ಸಹಪಾಠಿ ಕದಿರಮ್ಮನ ಪುಣ್ಯ. ಎಂ.ಎ. ಓದಿ ಬಂದವಳಿಗೆ ಒಂದು ಚಿಟಿಕೆ ಉಪ್ಪು ಕೇಳಲು ಬರುತ್ತಿರಲಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ನೀವಿಬ್ಬರು ಜಗಲಿಯಲ್ಲಿ ಅಳಿಗುಳಿ ಮಣೆ ಇಟ್ಟು, ಹುಣಸೆಬೀಜ ಎಣಿಸುತ್ತಾ ನನಗೆ ಮಾತು ಕಲಿಸಿದಿರಿ. ನೀನು ಬೀಜ ಕದಿಯುತ್ತಿದ್ದೆ. ಹಿಡಿದರೆ, “ಆಟದಾಗೆ ಮೇಡಮ್ಮೂ ಇಲ್ಲ, ಮಕ್ಕಳೂ ಇಲ್ಲ ಕಣ್ರಮ್ಮ” ಎನ್ನುತ್ತಿದ್ದೆ. ಕದಿರಮ್ಮ, “ಅವಳ ಸೆರಗು ಒದರಿಸ್ರಮ್ಮ, ಒಂದು ಸೇರು ಉದುರ್ತದೆ” ಎಂದು ನಗುತ್ತಿದ್ದಳು. ನಮ್ಮೂರಿನಲ್ಲಿ ನನಗೆ ವಿದ್ಯಾರ್ಥಿನಿಯರಿದ್ದರು. ಗೆಳತಿಯರು ಸಿಕ್ಕಿದ್ದು ಈ ಜಗಲಿಯಲ್ಲಿ.

ಕದಿರಮ್ಮ ಈಗ ನಮ್ಮ ಶಾಲೆಯಲ್ಲೇ ಒಂದನೇ ತರಗತಿಗೆ ಪಾಠ ಹೇಳುತ್ತಾಳೆ. ನಿನಗೆ ಎರಡನೆಯ ಮಗಳಾದ ಸುದ್ದಿ ಅವಳಿಂದಲೇ ತಿಳಿಯಿತು. ನೀನು ನನ್ನನ್ನು ಬಿಟ್ಟದ್ದೇಕೆಂದು ಕೇಳಿದರೆ ಮಾತ್ರ, “ಅದನ್ನ ಅವಳನ್ನೇ ಕೇಳ್ರಮ್ಮ” ಎಂದು ಸ್ಲೇಟು ಒರೆಸಲು ಕೂರುತ್ತಾಳೆ.

ಅದಕ್ಕೇ ಕೇಳುತ್ತಿದ್ದೇನೆ. ಏಳು ವರ್ಷದ ಹಿಂದೆ, ನಿನ್ನ ನಿಶ್ಚಿತಾರ್ಥದ ದಿನ, ನಿಮ್ಮಮ್ಮ ಮುನಿರತ್ನಮ್ಮನವರು ಹಿತ್ತಾಳೆ ಡಬರಿಯ ತುಂಬ ಹೋಳಿಗೆ ಕಳಿಸಿದ್ದರು. ಅದಕ್ಕೆ ಮುಂಚೆ ನಾನು ನಿಮ್ಮ ಮನೆಗೇ ಬಂದು, ಟೀಚರ್ ಟ್ರೈನಿಂಗ್ ಮುಗಿಯುವವರೆಗೆ ಮದುವೆ ಬೇಡವೆಂದು ವಾದಿಸಿದ್ದೆ, ನಿಜ. ಹುಡುಗ ಒಳ್ಳೆಯವನೆಂದು ತಿಳಿದ ಮೇಲೆ ಒಪ್ಪಿದ್ದೂ ನಿಜ. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ. ಮಾರನೆಯ ದಿನ ನೀನು ಡಬರಿಗೆಂದು ಬಂದಾಗ ಅಡುಗೆಯ ಮಾರಿಯಮ್ಮ ರಜದಲ್ಲಿದ್ದಳು. ನಾನೇ ಹುಣಸೆಹಣ್ಣು ಹಚ್ಚಿ, ಮುಖ ಕಾಣುವಂತೆ ಬೆಳಗಿ ನಿನ್ನ ಕೈಗಿಟ್ಟೆ. ನೀನು ಅದರೊಳಗೆ ನೋಡಿ ಅತ್ತುಬಿಟ್ಟೆ. ಮದುವೆಯಾಗಿ ಹೋಗುವ ಹುಡುಗಿಯ ಅಳು ಎಂದುಕೊಂಡೆ. ಆಮೇಲೆ ನೀನು ಬರಲಿಲ್ಲ. ಮದುವೆಗೆ ಕರೆಯೂ ಬರಲಿಲ್ಲ. ಈಕೆ ಮತ ಕೆಡಿಸುತ್ತಾಳೆಂದು ಯಾರೋ ಹೆದರಿಸಿರಬೇಕೆಂದು, ಇಷ್ಟು ವರ್ಷ ನಿಮ್ಮ ಮನೆಯವರ ಮೇಲೆ ಕೋಪ ಇಟ್ಟುಕೊಂಡೇ ಇದ್ದೆ.

ಶುಕ್ರವಾರ ಬೆಳಿಗ್ಗೆ ಮಾರಿಕುಪ್ಪಂ ರೈಲಿನಲ್ಲಿ ಬಂಗಾರಪೇಟೆಗೆ ಬರುತ್ತೇನೆ. ಮದರಾಸಿನ ರೈಲಿಗೆ ಅಲ್ಲಿ ಎರಡು ಗಂಟೆ ಕಾಯಬೇಕು. ಬರುತ್ತೀಯಾ? ಬಯ್ಯುವುದಿದ್ದರೂ ಬಾ. ನಿನ್ನ ಹೆಣ್ಣುಮಕ್ಕಳಿಗೆ ಆಯುಸ್ಸೂ ಓದೂ ಎರಡೂ ಸಿಗಲಿ.

ಎಂದಿಗೂ ನಿನ್ನ,
ಗ್ರೇಸ್

ಸೋಮವಾರ ಬೆಳಿಗ್ಗೆ, ಮತ್ತೆ ಸೇರಿಸಿದ್ದು:

ಮಾರಿಯಮ್ಮ ನಿನ್ನೆಯೇ ಕೆಲಸ ಬಿಟ್ಟು ಮಗಳ ಮನೆಗೆ ಹೋದಳು. ಹಾಗಾಗಿ, ಪಕ್ಕದ ಮನೆಯ ನರಸಮ್ಮ ಸಂಜೆ ಸಾರು ಕಳಿಸಿದ್ದ ಡಬರಿಯನ್ನು ಈ ಬೆಳಿಗ್ಗೆ ನಾನೇ ತೊಳೆದು ಕೊಡಲು ಹೋದೆ. ಆಕೆ ಕೈ ಹಿಂದಕ್ಕೆ ಎಳೆದುಕೊಂಡರು.

“ಖಾಲಿ ಡಬರಿ ಕೊಡ್ತಾರೇನಮ್ಮ? ನಿಮ್ಮ ಸಾವಾಸ ಸಾಕು ಅಂದಂಗಲ್ವಾ? ಒಂದು ಚೂರು ಬೆಲ್ಲನಾದ್ರೂ ಆಕಬೇಕು. ಮಾರಿಯಮ್ಮ ಒಂದು ದಿನಾನೂ ಖಾಲಿ ಕಳಿಸಿದೋಳಲ್ಲ.”

ಒಂಬತ್ತು ವರ್ಷ ಮಾರಿಯಮ್ಮ ನನಗೆ ಹೇಳದೆಯೇ ಹಿಡಿ ಅಕ್ಕಿ ಹಾಕಿ ನನ್ನ ಮರ್ಯಾದೆ ಕಾದಿದ್ದಳು. ಅವಳಿಲ್ಲದ ಆ ಒಂದು ದಿನ, ಮುತ್ಯಾಲಮ್ಮ, ನಿನ್ನ ನಿಶ್ಚಿತಾರ್ಥದ ಡಬರಿಯನ್ನು ನಾನು ಏನೂ ಹಾಕದೆ ಕೊಟ್ಟೆ. ಮದುವೆ ಬೇಡವೆಂದಿದ್ದವಳು ಹರಸದೆಯೇ ಕಳಿಸಿದಳೆಂದು ನಿಮ್ಮಮ್ಮ ತಿಳಿದಿರಬೇಕು. ನೀನೂ ಹಾಗೇ ತಿಳಿದೆಯಾ? ಆ ಹೊಳಪಿನಲ್ಲಿ ನನಗೆ ಬಂದಷ್ಟು ಹಾರೈಕೆ ಇತ್ತು. ನಿನ್ನ ಹಾಡಿನ ಸಾಲು ಯಾವುದರ ಮಾತೆಂದು ಈಗ ಕೇಳಬೇಕಾಗಿಲ್ಲ.

ನರಸಮ್ಮನಿಗೆ ಎಲ್ಲ ಹೇಳಿ, ಅವರದೇ ಡಬರಿಯನ್ನು ಕಡ ಕೇಳಿದೆ. ಅದರಲ್ಲಿ ಅಕ್ಕಿ, ಎರಡು ಅಚ್ಚು ಬೆಲ್ಲ ತುಂಬಿದ್ದೇನೆ. ನಿಮ್ಮೂರಿನ ಗಾಡಿಯ ಚಿಕ್ಕಮುನಿಯಪ್ಪ ಈ ಕಾಗದದ ಜೊತೆ ತರುತ್ತಾನೆ. ಇದನ್ನು ಬರೆಯುವಾಗ ನರಸಮ್ಮ ಬಾಗಿಲಲ್ಲೇ ನಿಂತು ಹೇಳುತ್ತಿದ್ದಾರೆ:

“ಡಬರಿ ನಂದು ಅಂತ ಬರಿಯಮ್ಮ. ಶುಕ್ರವಾರ ಟೇಸನ್ನಿಗೆ ನಾನೂ ಬತ್ತೀನಿ, ಅಲ್ಲೇ ತಂದುಕೊಡಲಿ. ಖಾಲಿ ತಂದ್ರೆ ಈಸ್ಕಣಲ್ಲ ಅಂತಾನೂ ಬರಿ.”