ಹೆಸರಿಲ್ಲದ ಚೀಟಿಗಳು

3 ಆಗಸ್ಟ್ 1998, ಸೋಮವಾರ

ಇವತ್ತೂ ಅದೇ ಕಥೆ. ಎರಡನೇ ಬಿ.ಕಾಂ., ಸ್ಟಾಟಿಸ್ಟಿಕ್ಸ್. 'ಅರ್ಥ ಆಯ್ತಾ?' ಎಂದೆ. ಐವತ್ತೆರಡು ಜನ ಒಂದೇ ರಾಗದಲ್ಲಿ 'ಎಸ್ ಮೇಡಂ'. ಟೆಸ್ಟ್ ಪೇಪರ್ ನೋಡಿದರೆ ಪಾಸಾದವರು ಒಂಬತ್ತು! ಸುಳ್ಳರು. ಅಲ್ಲ, ನಾನೇ ಪೆದ್ದಿ. ಹಾಗೆ ಕೇಳಿದರೆ ಇಲ್ಲ ಅಂತ ಯಾರು ಹೇಳುತ್ತಾರೆ?

ನಾಳೆಯಿಂದ ಕೇಳುವುದಿಲ್ಲ. ಚೀಟಿ ಹಂಚುತ್ತೇನೆ. ಅರ್ಥವಾಗದ್ದು ಒಂದೇ ಸಾಲು ಬರೆಯಲಿ. ಹೆಸರು ಬೇಡ. ಕನ್ನಡವಾದರೂ ಸರಿ.

4 ಆಗಸ್ಟ್

ಐವತ್ತೊಂದು ಚೀಟಿ ಖಾಲಿ. ಒಂದರಲ್ಲಿ ಮಾತ್ರ — 'ನೀವು ಬೋರ್ಡಿಗೆ ಅಡ್ಡ ನಿಂತು ಬರೀತೀರ. ಏನೂ ಕಾಣಲ್ಲ.'

ಥೂ! ಬನಶಂಕರಿ ಬಸ್ ಸ್ಟ್ಯಾಂಡಿನಿಂದ ಜೆ.ಪಿ. ನಗರದವರೆಗೂ ಒಬ್ಬಳೇ ನಕ್ಕೆ.

5 ಆಗಸ್ಟ್

ಪಕ್ಕಕ್ಕೆ ನಿಂತು ಬರೆದೆ. ಅಷ್ಟಕ್ಕೇ ಮೂವತ್ತೆಂಟು ಚೀಟಿ ತುಂಬಿವೆ! ಇಪ್ಪತ್ತರಲ್ಲಿ ಒಂದೇ ಪ್ರಶ್ನೆ. ಸರಾಸರಿಯಿಂದ ಇರುವ ವ್ಯತ್ಯಾಸವನ್ನು ಸ್ಕ್ವೇರ್ ಯಾಕೆ ಮಾಡಬೇಕು? ನಾನು ಓದುವಾಗ ನನಗೂ ಯಾರೂ ಹೇಳಲಿಲ್ಲ...

12 ಆಗಸ್ಟ್

ಬರೆಯಲು ಪುರುಸೊತ್ತೇ ಇಲ್ಲ. ವಾರದಿಂದ ನೋಟ್ಸ್ ಬರೆಸಿಲ್ಲ. ಮೊದಲು ಇಬ್ಬಿಬ್ಬರು ಮಾತಾಡಿಕೊಂಡು ಲೆಕ್ಕ ಬಿಡಿಸಬೇಕು, ಆಮೇಲೆ ನಾನು. ಗಲಾಟೆಯೋ ಗಲಾಟೆ. ಎಷ್ಟು ಖುಷಿ!

ಎಚ್‌ಓಡಿ ಪರಮಶಿವಯ್ಯನವರು ಕರೆಸಿದರು. 'ಏನ್ರೀ ವಿಮಲಾ, ಅದು ಕ್ಲಾಸಾ, ಮಾರ್ಕೆಟ್ಟಾ? ಇಪ್ಪತ್ತೆರಡು ವರ್ಷದಿಂದ ನಾನು ನೋಟ್ಸ್ ಬರೆಸ್ತಿದೀನಿ. ಶುಕ್ರವಾರ ಬಂದು ಕೂತ್ಕೋತೀನಿ. ಸರಿ ಕಾಣ್ಲಿಲ್ಲ ಅಂದ್ರೆ ಸೋಮವಾರದಿಂದ ಆ ಕ್ಲಾಸ್ ನಾನೇ ತಗೋತೀನಿ, ನೀವು ಬೇರೆ ಕಾಲೇಜ್ ನೋಡ್ಕೊಳ್ಳಿ.' ಹಸಿರು ಶಾಯಿಯ ಪೆನ್ನಿಗೆ ಕ್ಯಾಪ್ ಹಾಕಿದರು. ಹೊರಡಿ ಎಂದರ್ಥ.

ನಾನು ಟೆಂಪರರಿ. ಶುಕ್ರವಾರ ಒಂದು ದಿನ ನೋಟ್ಸ್ ಬರೆಸಿಬಿಡಲೇ? ಊಹೂಂ.

14 ಆಗಸ್ಟ್, ಶುಕ್ರವಾರ, ಸಂಜೆ 4.20, ಸ್ಟಾಫ್ ರೂಮು

ಈಗಷ್ಟೇ ಕ್ಲಾಸ್ ಮುಗಿಯಿತು. ಪರಮಶಿವಯ್ಯನವರು ಕೊನೆಯ ಬೆಂಚಿನಲ್ಲಿ. ಅವರನ್ನು ನೋಡಿ ಎಲ್ಲರ ಬಾಯಿ ಬಂದ್. 'ಸ್ಕ್ವೇರ್ ಯಾಕೆ?' ಎಂದೆ. ಎಲ್ಲರೂ ನೋಟ್ಸ್ ಬರೆಯಲು ಪೆನ್ನು ಹಿಡಿದರು. ಕೆಟ್ಟೆ ಅಂದುಕೊಂಡೆ.

ಆಗ ಶಂಕ್ರವ್ವ ಎದ್ದಳು. ಬಾದಾಮಿ ಕಡೆಯ ಹುಡುಗಿ, ಬಿ.ಟಿ.ಎಂ. ಲೇಔಟಿನಿಂದ ಬಸ್ಸಿನಲ್ಲಿ ಬರುತ್ತಾಳೆ. ಇದುವರೆಗೆ 'ಎಸ್ ಮೇಡಂ' ಬಿಟ್ಟು ಬೇರೆ ಮಾತಾಡಿದವಳಲ್ಲ.

'ಒಂದ್ ಬಸ್ಸು ಹತ್ ನಿಮಿಷ ಮೊದ್ಲ ಬಂತು, ಇನ್ನೊಂದು ಹತ್ ನಿಮಿಷ ತಡಾ ಬಂತು. ಕೂಡಿಸಿದ್ರ ಸೊನ್ನಿ. ಹಂಗಂದ್ರ ಎರಡೂ ಬರೋಬ್ಬರಿ ಟೈಮಿಗೆ ಬಂದಂಗಾತೇನ್ರೀ ಮೇಡಂ?'

ಇಡೀ ಕ್ಲಾಸು ಹೋ ಎಂದಿತು. 'ಅದಕ್ಕೆ ಮೈನಸ್ ತೆಗೀಬೇಕು! ಸ್ಕ್ವೇರ್ ಮಾಡಿದ್ರೆ ಹೋಗತ್ತೆ!' ಮುಂದಿನ ಬೆಂಚಿನ ಶಿವಕಿರಣ್ ಕೂಗಿಯೇಬಿಟ್ಟ. ನನಗೆ ಕಣ್ಣಲ್ಲಿ ನೀರು.

ಹುಡುಗರು ಮೇಜಿನ ಮೇಲೆ ಚೀಟಿ ಹಾಕುವ ಗದ್ದಲದಲ್ಲಿ ಪರಮಶಿವಯ್ಯನವರು ನನ್ನತ್ತ ನೋಡದೆ ಹೊರಟುಹೋದರು.

ಕೆಲಸ ಹೋಯಿತು ಅಂದುಕೊಂಡೇ ಚೀಟಿ ಎಣಿಸಿದೆ. ಐವತ್ತಮೂರು. ಮತ್ತೆ ಎಣಿಸಿದೆ. ಐವತ್ತಮೂರೇ! ಕ್ಲಾಸಿನಲ್ಲಿರುವುದು ಐವತ್ತೆರಡು ಜನ. ಒಂದು ಹಸಿರು ಶಾಯಿಯದು —

'ಮೈನಸ್ ತೆಗೆಯಲು ಚಿಹ್ನೆ ಬಿಟ್ಟು ಕೂಡಿದರೂ ಸಾಕಲ್ಲ? ಸ್ಕ್ವೇರೇ ಯಾಕೆ? ನನಗೂ ಗೊತ್ತಿಲ್ಲ. ಸೋಮವಾರ ನೀವೇ ಹೇಳಿ.'

ಸೋಮವಾರ. ನೀವೇ! ಅಯ್ಯೋ ದೇವರೇ, ನನಗೂ ಗೊತ್ತಿಲ್ಲವಲ್ಲ! ಲೈಬ್ರರಿ ಐದಕ್ಕೆ ಮುಚ್ಚುತ್ತದೆ, ಈಗಲೇ ಓಡ—