ಹತ್ತೊಂಬತ್ತನೆಯ ಮತ

ಫೆಬ್ರವರಿ 8, ಮಂಗಳವಾರ. ಬೆಳಿಗ್ಗೆ 9.40

ತಲೆ ಎಣಿಸಿದ್ದಾಯಿತು. ನನ್ನನ್ನೂ ಸೇರಿಸಿ ಹದಿನೇಳು. ಒಬ್ಬರು ಹಲ್ಲಿನ ಡಾಕ್ಟರ ಹತ್ತಿರ. ಇನ್ನೊಬ್ಬ, ರಾಸ್ ಪೆನ್ನಿ, ಕೆಳಗೆ ಕ್ಯಾಂಟೀನಿನಲ್ಲಿ. ಹೋಗಿ ಎಬ್ಬಿಸಿಕೊಂಡು ಬಂದೆ. ಬಾಯಿ ತುಂಬ ಮಫಿನ್.

"ಬಾಸ್, ತಿನ್ನೋಕೂ ನಿಮ್ಮ ಅಪ್ಪಣೆ ಬೇಕಾ?"

"ಓಟು ಹಾಕು. ಆಮೇಲೆ ಎಷ್ಟು ಬೇಕಾದ್ರೂ ಮೇಯಿ."

ಐವತ್ತೊಂದು ವರ್ಷ, ಪೂರ್ವದ ದ್ವೀಪ ನ್ಯೂಫೌಂಡ್‌ಲ್ಯಾಂಡಿನ ಮೀನುಗಾರನ ಮಗ, ಇನ್ನೂ ಹುಡುಗಾಟ. ಇಪ್ಪತ್ತೆರಡು ವರ್ಷ ಗಣಿ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ನಾನು. ಅಲ್ಲಿ ರೋಗಿಗಳನ್ನು ಮಲಗಿಸುವುದು, ಇಲ್ಲಿ ಪಕ್ಷದ ವಿಪ್ ಆಗಿ ಸಂಸದರನ್ನು ಕೂರಿಸುವುದು. ರೋಗಿಗಳೇ ವಾಸಿ, ಹೇಳಿದ ಮಾತು ಕೇಳುತ್ತಿದ್ದರು.

ಸರ್ಕಾರದ ಕಡೆ 149. ದೊಡ್ಡ ವಿರೋಧ ಪಕ್ಷ 131. ನಾವು 19. ನಾವು ಕೈ ಬಿಟ್ಟರೆ ಸರ್ಕಾರ ಒಂದೇ ಮತದಲ್ಲಿ ಮಗುಚುತ್ತದೆ. ಕೈ ಬಿಡದೆ ಇರುವುದಕ್ಕೆ ನಾವು ಕೇಳಿದ ಬೆಲೆ ನನ್ನ ಮಸೂದೆ. ಕಾಯಿಲೆ ಬಿದ್ದ ಕೆಲಸಗಾರರಿಗೆ ವಿಮೆಯಿಂದ ಸಿಗುವ ಭತ್ಯೆ ಈಗ ಹದಿನೈದು ವಾರ. ಅದನ್ನು ಐವತ್ತು ಮಾಡುವುದು. ಈಗ ಚಿಕಿತ್ಸೆಯಲ್ಲಿ ಇರುವವರಿಗೂ ಸಿಗಬೇಕು — ಆ ಸಾಲನ್ನು ನಾನೇ ಬರೆಸಿದ್ದು. ಕೆಳಮನೆ ದಾಟಿ ಮೇಲ್ಮನೆಗೆ, ಸೆನೆಟ್‌ಗೆ ಹೋಗಿದೆ. ದಾಟಲಿ ದೇವರೇ.

ಫೆಬ್ರವರಿ 13, ಭಾನುವಾರ. ಪೈಕ್ ನ್ಯಾರೋಸ್

ಊರಿಗೆ ಬಂದೆ. ಮೈನಸ್ ಮೂವತ್ತೊಂದು. ತಂಗಿ ಹೆಲ್ವಿ ನನಗೆಂದು ಏಲಕ್ಕಿ ಬ್ರೆಡ್ಡು ಮಾಡಿಟ್ಟಿದ್ದಳು. ತಾನು ಮಾತ್ರ ಒಂದು ಚೂರೂ ಬಾಯಿಗಿಡಲಿಲ್ಲ. ಹಬೆಸ್ನಾನಕ್ಕೆಂದು ಸೌನಾ ಕಾಯಿಸಿದೆ, ಬರಲಿಲ್ಲ. ಮೈ ತಡೆಯುವುದಿಲ್ಲವಂತೆ.

ಕೀಮೋ ಇನ್ನೂ ಆರು ಸಲ ಇದೆ. ಅವಳ ಹದಿನೈದು ವಾರ ಜನವರಿಯಲ್ಲೇ ಮುಗಿಯಿತು. ಮತ್ತೆ ಶಾಲೆಯ ಬಸ್ಸು ಓಡಿಸುತ್ತಿದ್ದಾಳೆ. ಉಣ್ಣೆ ಟೋಪಿಯ ಕೆಳಗೆ ಬೋಳು ತಲೆ. ಸೀಟಿನ ಪಕ್ಕ ಪ್ಲಾಸ್ಟಿಕ್ ಚೀಲ, ವಾಂತಿಗೆ.

"ಮಕ್ಕಳು ಏನಂತಾರೆ?"

"ಏನಂತಾರೆ? ಇವತ್ತು ಎಷ್ಟು ಸಲ ಅಂತ ಬೆಟ್ ಕಟ್ತಾರೆ. ಶುಕ್ರವಾರ ಲೆಹ್ಟೋ ಮನೆ ಹುಡುಗಿ ಗೆದ್ದಳು."

ನಗುತ್ತಾಳೆ! ನನಗೆ ಎದ್ದು ಹೋಗಿ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

"ಬಿಟ್ಟುಬಿಡೇ. ನಾನು ದುಡ್ಡು ಕಳಿಸ್ತೀನಿ."

"ನಿನ್ನ ದುಡ್ಡು ನಂಗೆ ಬೇಡ, ಅಕ್ಕ. ನಿನ್ನ ಕಾನೂನು ಬರಲಿ, ಅದನ್ನ ತಗೋತೀನಿ. ಇಪ್ಪತ್ತಾರು ವರ್ಷ ಸಂಬಳದಲ್ಲಿ ಮುರ್ಕೊಂಡಿದ್ದಾರೆ. ಅದು ನನ್ನ ಹಕ್ಕು. ನಿನ್ನದು ಭಿಕ್ಷೆ."

ಅಮ್ಮನದೇ ಮೊಂಡು. ಎಳ್ಳಷ್ಟೂ ಕಡಿಮೆ ಇಲ್ಲ.

ಫೆಬ್ರವರಿ 24, ಗುರುವಾರ

ನಮ್ಮ ನಾಯಕರು ಬ್ಲೇರ್ ಹ್ಯಾಡೋ ಕರೆದರು. ಮುಖ ಬೆಳಗುತ್ತಿತ್ತು. ಹೊಸ ಸಮೀಕ್ಷೆ — ಈಗ ಚುನಾವಣೆಯಾದರೆ ನಾವು ಹತ್ತೊಂಬತ್ತರಿಂದ ನಲವತ್ತು. ಮಾರ್ಚ್ 22ಕ್ಕೆ ದೊಡ್ಡ ವಿರೋಧ ಪಕ್ಷ ಅವಿಶ್ವಾಸ ನಿರ್ಣಯ ತರುತ್ತಿದೆ. ನಾವೂ ಅದರ ಪರ ಎದ್ದು ನಿಂತು ಓಟು ಹಾಕೋಣ ಎಂದರು.

"24ಕ್ಕೆ ನನ್ನ ಮಸೂದೆ ಸೆನೆಟ್‌ನಲ್ಲಿ ಕೊನೆಯ ಓಟಿಗೆ ಬರುತ್ತೆ. ಎರಡೇ ದಿನ, ಬ್ಲೇರ್."

"ನಿರ್ಣಯ ತರೋಕೆ ವಿರೋಧ ಪಕ್ಷಕ್ಕೆ ಸಿಕ್ಕಿರೋ ದಿನ 22. ಅದು ಬಿಟ್ರೆ ಜೂನ್. ಅಲ್ಲೀವರೆಗೂ ಈ ಗಾಳಿ ಇರುತ್ತಾ?"

"ಸರ್ಕಾರ ಬಿದ್ರೆ ಮಸೂದೆನೂ ಸಾಯುತ್ತೆ. ಮತ್ತೆ ಅ ಆ ಇ ಈ ಯಿಂದ ಶುರು."

"ನಲವತ್ತು ಮಂದಿ ಆಗಿ ಬರೋಣ. ಇದಕ್ಕಿಂತ ಒಳ್ಳೇದನ್ನೇ ತರೋಣ."

ಇದಕ್ಕಿಂತ ಒಳ್ಳೇದು! ಯಾರಿಗೆ? ಹೆಲ್ವಿಯ ಸಮಾಧಿಗೆ ಹಾಸಲಿಕ್ಕೆ? ಬಾಯಿಗೆ ಬಂತು, ನುಂಗಿದೆ.

ಹೊರಡುವಾಗ ಹೇಳಿದರು, "ಹತ್ತೊಂಬತ್ತೂ ಮಂದಿ ಅವತ್ತು ಇರಬೇಕು. ಅದು ನಿಮ್ಮ ಜವಾಬ್ದಾರಿ, ಐಲಿ." ನನ್ನ ಮಸೂದೆಯ ಕತ್ತು ಹಿಸುಕಲು ನಾನೇ ಜನ ಸೇರಿಸಿಕೊಡಬೇಕು.

ಮಾರ್ಚ್ 9, ಬುಧವಾರ

ಪಕ್ಷದ ಸಭೆ. ಮುಕ್ಕಾಲು ಗಂಟೆ ಮಾತಾಡಿದೆ. ಬೇಡಿಕೊಂಡೆ ಅನ್ನುವುದೇ ಸರಿ. ಹೆಲ್ವಿಯ ಹೆಸರು ಹೇಳಲಿಲ್ಲ. ಹೇಳದಿದ್ದರೂ ಎಲ್ಲರಿಗೂ ಗೊತ್ತು. ಕೆಲವರು ಕಣ್ಣು ತಪ್ಪಿಸಿದರು. ಒಬ್ಬಳು ಕೈ ಹಿಡಿದು "ಪಾಪ" ಅಂದಳು. ಅಂದು, ನನ್ನ ವಿರುದ್ಧವೇ ಕೈ ಎತ್ತಿದಳು.

ಹದಿನೇಳಕ್ಕೆ ಎರಡು. ನಾನು ಮತ್ತು ರಾಸ್.

ಆಮೇಲೆ ಮೆಟ್ಟಿಲ ಹತ್ತಿರ ರಾಸ್ ಹೇಳಿದ, "ಸೋತ್ವಿ ಬಾಸ್. ತೀರ್ಮಾನ ಆದ್ಮೇಲೆ ಆಯ್ತು, ಎಲ್ಲರ ಜೊತೆ ನಿಲ್ಲಬೇಕು. ಇಲ್ದಿದ್ರೆ ಯೂನಿಯನ್ ಕಟ್ಟಿದ ನಮ್ಮಪ್ಪ ಆಸ್ಪತ್ರೆ ಹಾಸಿಗೆಯಿಂದ ಎದ್ದು ಬಂದು ಬಾರಿಸ್ತಾನೆ."

ಅವನ ಅಪ್ಪನಿಗೆ ಎಂಬತ್ತನಾಲ್ಕು. ಶ್ವಾಸಕೋಶ ಕೆಟ್ಟಿದೆ. ದೂರದ ನ್ಯೂಫೌಂಡ್‌ಲ್ಯಾಂಡಿನಲ್ಲಿ, ಸೇಂಟ್ ಜಾನ್ಸ್ ಊರಿನ ಆಸ್ಪತ್ರೆಯಲ್ಲಿ ಮಲಗಿದ್ದಾರೆ.

ಮಾರ್ಚ್ 14, ಸೋಮವಾರ. ಮಧ್ಯಾಹ್ನ

ಒಡೆಟ್ ಗ್ರಾವೆಲ್ ಕೋಟು ನೇತುಹಾಕುವ ಕೋಣೆಯಲ್ಲಿ ಸಿಕ್ಕಳು. ಸರ್ಕಾರಿ ಪಕ್ಷದ ವಿಪ್. ಹನ್ನೊಂದು ವರ್ಷದಿಂದ ಎದುರುಬದುರು, ಓಟಿಗೆ ಮೊದಲು ಸದನದ ರೂಢಿಯಂತೆ ಜೊತೆಯಲ್ಲೇ ನಡೆದು ಹೋಗಿ ಸ್ಪೀಕರ್ ಮುಂದೆ ತಲೆ ಬಾಗಿಸುವವರು. ಅವಳಿಗೂ ನಿದ್ದೆ ಇದ್ದಂತಿರಲಿಲ್ಲ.

"ಒಂದೇ ಒಂದು ತಲೆ ಕಡಿಮೆ ಮಾಡು ಕಣೇ. 149ಕ್ಕೆ 149. ಸಮ ಬಂದ್ರೆ ಸ್ಪೀಕರ್ ಇದ್ದದ್ದು ಇದ್ದ ಹಾಗೇ ಇರಲಿ ಅಂತಾರೆ. ಅದು ರೂಢಿ."

"ಆಮೇಲೆ ನನ್ನ ಮಸೂದೆ?"

"24ರ ಗುರುವಾರ ಮಧ್ಯಾಹ್ನ ಸೆನೆಟ್. ಸಂಜೆಗೆ ಸಹಿ. ನಮ್ಮಮ್ಮನ ಆಣೆ."

"ನನ್ನ ಪಕ್ಷಕ್ಕೆ ದ್ರೋಹ ಮಾಡು ಅಂತೀಯ."

"ನಿನ್ನ ತಂಗಿಗೆ ಮಾಡಬೇಡ ಅಂತೀನಿ."

ನೇರ ಕರುಳಿಗೇ ಕೈ ಹಾಕಿದಳು. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ವಿಪ್‌ಗಳಿಗೆ ಎಲ್ಲರ ನೋವೂ ಗೊತ್ತಿರುತ್ತದೆ, ಅದೇ ನಮ್ಮ ಬಂಡವಾಳ.

ಮಾರ್ಚ್ 17, ಗುರುವಾರ

ದೇವರೇ ಕಳಿಸಿದನೋ, ಸೈತಾನನೋ.

ರಾಸ್ ಬಂದ. ಮುಖದಲ್ಲಿ ರಕ್ತವಿಲ್ಲ. ಅಪ್ಪನಿಗೆ ಹೆಚ್ಚೆಂದರೆ ಒಂದು ವಾರವಂತೆ. "ಹೋಗಲಾ ಬಾಸ್? 22ಕ್ಕೆ ವಾಪಸ್ ಬರೋಕಾಗುತ್ತೋ ಇಲ್ವೋ."

"ಹೋಗು. ಅಪ್ಪನ ಹತ್ತಿರ ಇರು. ಇಲ್ಲಿಂದು ನಾನು ನೋಡ್ಕೋತೀನಿ."

"ಜೋಡಿ ಸಿಗುತ್ತಾ?"

ಜೋಡಿ ಅಂದರೆ, ನಮ್ಮವನೊಬ್ಬ ಬಾರದಿದ್ದರೆ ಅವರಲ್ಲೂ ಒಬ್ಬರು ಓಟು ಹಾಕದೆ ಕೂರುವುದು. ಲೆಕ್ಕ ಏರುಪೇರಾಗುವುದಿಲ್ಲ. ಅದನ್ನು ಕುದುರಿಸಿ ಇಬ್ಬರ ಹೆಸರನ್ನೂ ಪಟ್ಟಿಗೆ ಬರೆಸುವುದು ವಿಪ್ ಕೆಲಸ. ಒಡೆಟ್ ಕೊಡದೇ ಇರುತ್ತಿರಲಿಲ್ಲ, ಸಾಯುವ ತಂದೆ ಎಂದರೆ ಯಾರೂ ಇಲ್ಲ ಅನ್ನುವುದಿಲ್ಲ.

"ಆಯ್ತು, ಒಡೆಟ್ ಒಪ್ಪಿದ್ದಾಳೆ" ಅಂದೆ. ಕೇಳಿಯೇ ಇರಲಿಲ್ಲ. ಕೇಳುವುದೂ ಇಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನು ಎಲ್ಲರ ಜೊತೆ ಎದ್ದು ನಿಂತು ಸರ್ಕಾರದ ವಿರುದ್ಧ ಓಟು ಹಾಕುತ್ತೇನೆ. ನಮ್ಮದು ಹದಿನೆಂಟಾಗುತ್ತದೆ. ಸರ್ಕಾರ ಉಳಿಯುತ್ತದೆ. ಕೇಳಿದರೆ, ಓಡಾಟದಲ್ಲಿ ಪಟ್ಟಿಗೆ ಬರೆಸಲು ಮರೆತೆ ಅಂದರಾಯಿತು.

ರಾಸ್ ನನ್ನನ್ನು ತಬ್ಬಿಕೊಂಡ. "ನಿಮ್ಮ ಋಣ ತೀರಿಸೋಕಾಗಲ್ಲ ಬಾಸ್" ಅಂದ. ಅವನು ಹೋದ ಮೇಲೆ ಬಚ್ಚಲಿಗೆ ಹೋಗಿ ಕೈ ತೊಳೆದೆ, ಎರಡು ಸಲ.

ಮಾರ್ಚ್ 21, ಸೋಮವಾರ. ಸಂಜೆ 4

ಹೆಲ್ವಿ ಫೋನು. ಬೆಳಿಗ್ಗೆ ಸೇತುವೆಯ ಹತ್ತಿರ ಬಸ್ಸು ಪಕ್ಕಕ್ಕೆ ಹಾಕಿ ಇಪ್ಪತ್ತು ನಿಮಿಷ ಸ್ಟಿಯರಿಂಗ್ ಮೇಲೆ ತಲೆ ಇಟ್ಟು ಮಲಗಿದಳಂತೆ. ಇಪ್ಪತ್ತಮೂರು ಮಕ್ಕಳು ಪಿಟಿಕ್ ಅನ್ನದೆ ಕೂತಿದ್ದವಂತೆ. ಬೆಟ್ ಕಟ್ಟಲಿಲ್ಲವಂತೆ ಇವತ್ತು.

"ಗುರುವಾರ ಆಗುತ್ತೆ ಅಲ್ವಾ ಅಕ್ಕ, ನಿಂದು?"

"ಆಗುತ್ತೆ."

"ಹಂಗಿದ್ರೆ ಶುಕ್ರವಾರ ಬಸ್ಸಿನ ಕೀ ಕೊಟ್ಟುಬಿಡ್ತೀನಿ." ಮೊದಲ ಸಲ ಅತ್ತಳು. ಅವಳು ಅಳುವುದನ್ನು ನಾನು ಅಪ್ಪ ಹೋದಾಗಲೂ ನೋಡಿಲ್ಲ.

ಬ್ಲೇರ್ ಕೇಳಿದರು. ಹತ್ತೊಂಬತ್ತೂ ಇರುತ್ತೇವೆ ಅಂದೆ. ಸುಳ್ಳು ಎಷ್ಟು ಸಲೀಸು.

ಮಾರ್ಚ್ 22, ಮಂಗಳವಾರ. ಸಂಜೆ 5.05

ಓಟಿನ ಗಂಟೆ ಹೊಡೆಯುತ್ತಿದೆ. ಅರ್ಧ ತಾಸು ಹೊಡೆಯುತ್ತಲೇ ಇರುತ್ತದೆ.

ರಾಸ್ ಬಂದಿದ್ದಾನೆ.

ಬಾಗಿಲಲ್ಲಿ ನಿಂತಿದ್ದ. ಮೂರು ದಿನದ ಗಡ್ಡ, ಬೂಟಿನ ತುಂಬ ಹಿಮ. ಏದುಸಿರು.

"ಏನೋ ಇದು? ಅಪ್ಪ?"

"ಇದ್ದಾರೆ. ಉಸಿರಾಡ್ತಾ ಇದ್ದಾರೆ. ಆಸ್ಪತ್ರೆಯಲ್ಲಿ ಕೂತು ಫೋನಲ್ಲಿ ಜೋಡಿ ಪಟ್ಟಿ ನೋಡ್ದೆ ಬಾಸ್, ನನ್ನ ಹೆಸರಿರಲಿಲ್ಲ. ಮರೆತಿದ್ದೀರಿ ಅಂದ್ಕೊಂಡೆ. ತಂಗಿ ಹಾಗಿರೋವಾಗ ಯಾರಿಗೆ ತಾನೇ ನೆನಪಿರುತ್ತೆ? ನನ್ನಿಂದ ನಿಮ್ಮ ತಲೆ ಹೋಗಬಾರದು ಅಂತ ವಿಮಾನ ಹತ್ತಿಬಿಟ್ಟೆ. ಅಪ್ಪನೂ ಕಣ್ಣಲ್ಲೇ ಹೋಗು ಅಂದ್ರು."

ಹತ್ತೊಂಬತ್ತು. ಪೂರ್ತಿ ಹತ್ತೊಂಬತ್ತು.

ಒಡೆಟ್ ಬಾಗಿಲು ತಟ್ಟುತ್ತಿದ್ದಾಳೆ. ನಡೆದು ಹೋಗುವ ಹೊತ್ತು.

ಮಾರ್ಚ್ 23, ಬುಧವಾರ. ಬೆಳಿಗ್ಗೆ

ಏಳಲಿಲ್ಲ ನಾನು. ಮೊಣಕಾಲು ಸಹಕರಿಸಲಿಲ್ಲ ಎಂದು ಬರೆದುಕೊಳ್ಳಬಹುದು, ಯಾರು ಓದುತ್ತಾರೆ? ಸುಳ್ಳು. ಬೇಕೆಂದೇ ಕೂತೆ. ಸಾಲಿನಲ್ಲಿ ಒಬ್ಬೊಬ್ಬರೇ ಎದ್ದರು, ಗುಮಾಸ್ತ ಒಬ್ಬೊಬ್ಬರದೇ ಹೆಸರು ಕೂಗಿದ. ಎಲ್ಲರನ್ನೂ ಎಬ್ಬಿಸುವವಳು ಕೂತೇ ಇದ್ದೆ. ನನ್ನ ಮೇಲೆ ಒಂದು ಕ್ಷಣ ಅವನ ಕಣ್ಣು ನಿಂತಿತು, ಮುಂದಕ್ಕೆ ಹೋಯಿತು.

149. 149. ಸ್ಪೀಕರ್ ಸರ್ಕಾರ ಉಳಿಸಿದರು. ಗದ್ದಲವೋ ಗದ್ದಲ. ರಾಸ್ ತಿರುಗಿ ನೋಡಿದ. ಸಿಟ್ಟಿರಲಿಲ್ಲ. ನನಗೆ ಮೈ ಹುಷಾರಿಲ್ಲವೇನೋ ಎಂದು ನೋಡಿದ, ನೀರಿನ ಲೋಟ ಇತ್ತ ತಳ್ಳಿದ.

ಆರಕ್ಕೆ ಬ್ಲೇರ್ ಪಕ್ಷದಿಂದ ಹೊರಗೆ ಹಾಕಿದರು. ಎರಡೇ ಮಾತು. ಆರೂವರೆಗೆ ರಾಸ್‌ಗೆ ಅವನ ತಮ್ಮನ ಫೋನು ಬಂತಂತೆ. ಅಪ್ಪ ಹೋದರು — ಇಲ್ಲಿ ಹೆಸರು ಕೂಗುತ್ತಿದ್ದ ಹೊತ್ತಿನಲ್ಲೇ.

ನಾಳೆ. ನಾಳೆ ಒಂದು ಆಗಿಬಿಡಲಿ. ಆಮೇಲೆ ನನಗೆ ಏನಾದರೂ ಆಗಲಿ.

ಮಾರ್ಚ್ 24, ಗುರುವಾರ. 11.20

ಪ್ರಧಾನಿ ಹತ್ತು ಗಂಟೆಗೆ ಗವರ್ನರ್ ಜನರಲ್ ಮನೆಗೆ ಹೋದರು. ಸಂಸತ್ತು ವಿಸರ್ಜನೆ. ಚುನಾವಣೆ.

ರೇಡಿಯೋದಲ್ಲಿ ಅವರದೇ ದನಿ — ವಿರೋಧ ಪಕ್ಷಗಳಲ್ಲಿ ಅವರವರಿಗೇ ಒಗ್ಗಟ್ಟಿಲ್ಲ, ಅವರಲ್ಲೊಂದು ಪಕ್ಷದ ವಿಪ್ ಕೂಡ ನಮ್ಮನ್ನು ಬೀಳಿಸಲು ಏಳಲಿಲ್ಲ, ಜನರೇ ತೀರ್ಮಾನಿಸಲಿ. ನನ್ನ ಹೆಸರು ಹಿಡಿದೇ ಹೇಳಿದರು. ನಾನು ಕೂತಿದ್ದೇ ಅವರಿಗೆ ಸಿಕ್ಕ ಮುಹೂರ್ತ.

ಸೆನೆಟ್ ಒಂದು ಗಂಟೆಗೆ ಸೇರಬೇಕಿತ್ತು. ಸೇರುವುದಿಲ್ಲ. ಮಸೂದೆ ಸತ್ತಿತು. ಮೂರು ಗಂಟೆ! ಮೂರೇ ಮೂರು ಗಂಟೆ! ಕೈಗೆ ಬಂದ ತುತ್ತು...

ಒಡೆಟ್ ಫೋನು. "ನನಗೂ ಗೊತ್ತಿರ್ಲಿಲ್ಲ ಕಣೇ, ನಂಬು." ನಂಬಿದೆ. ಇಟ್ಟುಬಿಟ್ಟೆ.

ಹೆಲ್ವಿಗೆ ನಾನೇ ಹೇಳಿದೆ. ಎಲ್ಲವನ್ನೂ, ರಾಸ್ ವಿಷಯವನ್ನೂ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ —

"ನಾನು ಕೇಳಿದ್ನಾ ನಿನ್ನ? ಒಬ್ಬ ಮಗನಿಗೆ ಅಪ್ಪನ ಮುಖ ತಪ್ಸಿ ನನಗೆ ತಂದುಕೊಡು ಅಂತ ಕೇಳಿದ್ನಾ?"

"ನಾನು ಅವನನ್ನ ಕಳಿಸಿದ್ದೆ ಕಣೇ! ಅವನೇ ವಾಪಸ್..."

"ನೀನು ನಿಜ ಹೇಳಿದ್ರೆ ಅವನು ಬರ್ತಿದ್ನಾ? ಇಡು ಫೋನು. ಬೆಳಿಗ್ಗೆ ಆರಕ್ಕೆ ಬಸ್ಸು ತೆಗೀಬೇಕು ನಾನು."

ಮಾರ್ಚ್ 26, ಶನಿವಾರ. ಮಧ್ಯಾಹ್ನ 2

ಕೋಣೆ ಖಾಲಿ ಮಾಡುತ್ತಿದ್ದೇನೆ. ಯಾರೂ ಈ ಕಡೆ ಬರುವುದಿಲ್ಲ. ಮಾಡಿದ್ದುಣ್ಣೋ ಮಹಾರಾಯ.

ಈಗ ರಾಸ್ ಫೋನು ಮಾಡಿದ್ದ. ಸೋಮವಾರ ಮಣ್ಣು. ಅವನ ಹಿಂದೆ ಅಡುಗೆಮನೆಯ ಸದ್ದು, ಜನ, ಯಾರೋ ಹೆಂಗಸು ಚಹಾ ಬೇಕಾ ಎಂದು ಕೇಳುತ್ತಿದ್ದಳು.

"ಎಲ್ಲರೂ ಏನೇನೋ ಅಂತಿದ್ದಾರೆ, ಬಾಸ್. ಬ್ಲೇರ್ ಕೂಡ ಫೋನ್ ಮಾಡಿದ್ರು. ನೀವು ಮೊದಲೇ ಲೆಕ್ಕ ಹಾಕಿ ನನ್ನ ಊರಿಗೆ ಕಳಿಸಿದ್ರಿ ಅಂತ. ನಾನು ಬೈದುಬಿಟ್ಟೆ. ತಂಗಿಗೋಸ್ಕರ ಕೂತ್ಲು, ಅದು ಬೇರೆ, ನನಗೆ ಅರ್ಥ ಆಗುತ್ತೆ. ಆದ್ರೆ ಐಲಿ ಅಂಥವಳಲ್ಲ ಅಂದೆ."

ಕೈಯಲ್ಲಿದ್ದ ಫೈಲನ್ನು ಪೆಟ್ಟಿಗೆಗೆ ಹಾಕಿದೆ.

"ಆ ಪಟ್ಟಿ. ನೀವು ಮರೆತಿದ್ರಿ, ಅಷ್ಟೇ ತಾನೆ? ಒಂದ್ಸಲ ಹೇಳಿಬಿಡಿ. ಅಮ್ಮ ಕೇಳ್ತಾ ಇದ್ದಾಳೆ, ಅದಕ್ಕೆ."

ಹೂಂ ಅಂದರೆ ಮುಗಿಯುತ್ತಿತ್ತು. ಅವನಿಗೂ ಅದೇ ಬೇಕಿತ್ತು. ಕಾಯುತ್ತಿದ್ದ. ಅವನ ಉಸಿರು ಕೇಳಿಸುತ್ತಿತ್ತು.

ನಾನು ಬಾಯಿ ತೆರೆದು, "ರಾಸ್," ಅಂದೆ. "ನಾನು ಮರೆತಿರಲಿಲ್ಲ."