ಯಜಮಾನ, ಬಜಾರಿ ಮತ್ತು ಒಗೆದ ಕೋಟು

ಗುರುವಾರ, ಊಟದ ಬಿಡುವು
ತೋಳದ ಮನೆಯ ಹಿಂದಿನ ಕೋಣೆ

ನನ್ನ ಮುಂಗೋಪದ ಮುದ್ದಿನ ಅಮ್ಮನಿಗೆ,

ನೀನು ಸುಖವಾಗಿ ಮನೆ ಮುಟ್ಟಿದೆ ಎಂದು ಅಣ್ಣ ಫೋನಿನಲ್ಲಿ ಹೇಳಿದ. ಉಸಿರು ಬಿಡದೆ ನಿನ್ನ ಎರಡು ಪ್ರಶ್ನೆಗಳನ್ನೂ ಒಪ್ಪಿಸಿದ. ಅವನು ನೋಡಿಟ್ಟಿರುವ ಶಾಲೆಯ ಕಚೇರಿ ಕೆಲಸಕ್ಕೆ ನಾನು ಹೂಂ ಅನ್ನುತ್ತೇನೋ ಇಲ್ಲವೋ? ನೀನು ಒಗೆದುಕೊಟ್ಟ ಕೋಟನ್ನು ಕೊಳೆ ಮಾಡದೆ ಹಾಕಿಕೊಳ್ಳುತ್ತಿದ್ದೇನೋ ಇಲ್ಲವೋ? ಮೊದಲನೆಯದಕ್ಕೆ ಕಾಗದ ಬರೀತೀನಿ ಅಂದೆ. ಎರಡನೆಯದಕ್ಕೆ, ಕೋಟು ಫಳಫಳ ಅಂತಿದೆ ಅಂದೆ. ಅದು ಶುದ್ಧ ಸುಳ್ಳು ಅಮ್ಮಾ. ಕೂತುಕೊಂಡು ಓದು. ಅತ್ತಿಗೆಗೂ ಓದಿ ಹೇಳು, ಅವಳಿಗೆ ನಗುವುದಕ್ಕೆ ಏನಾದರೂ ಬೇಕು.

ನಾನು ಈ ಮೃಗಾಲಯಕ್ಕೆ ಸೇರಿ ತಲೆ ನರೆಯುವ ಹೊತ್ತಾಯಿತು. ನೀನು ಇವತ್ತಿಗೂ ನೆಂಟರ ಮುಂದೆ ನಾನು ಯಾವುದೋ ತೋಟದ ಮೇಲ್ವಿಚಾರಕಿ ಅನ್ನುತ್ತೀಯ. ಹೆಣ್ಣುಮಗಳು ತೋಳ ಸಾಕ್ತಾಳೆ ಅಂದ್ರೆ ಯಾರಾದ್ರೂ ಮನೆ ಬಾಗಿಲಿಗೆ ಬರ್ತಾರಾ ಅಂತ ನಿನ್ನ ವಾದ. ಈ ಸಲ ನೀನು ಬಂದಾಗಲೂ ತೋಳ ತೋರಿಸುತ್ತೇನೆ ಬಾ ಅಂದರೆ ಮುಖ ತಿರುಗಿಸಿದೆ. ನನಗೆ ಬೇಜಾರಾಗಿತ್ತು.

ನಿನಗೆ ಹೇಳದೆ ಉಳಿಸಿಕೊಂಡ ಮಾತು ಇನ್ನೊಂದಿದೆ. ನಮ್ಮ ಗಂಡು ತೋಳ, ನಾವು ಯಜಮಾನ ಅಂತ ಕರೆಯುವವನು, ಜೋಡಿ ಸತ್ತ ಮೇಲೆ ಒಂದು ದಿನವೂ ಊಳಿಟ್ಟಿರಲಿಲ್ಲ. ಮಾಂಸ ಮುಂದಿಟ್ಟರೆ ನನ್ನ ದಾಕ್ಷಿಣ್ಯಕ್ಕೆ ಎಂಬಂತೆ ಎರಡು ತುಂಡು ತಿಂದು ಮೂಲೆ ಸೇರುತ್ತಿದ್ದ. ಅವನಿಗೆ ಜೊತೆಯಾಗಲಿ ಎಂದು ಬೇರೆ ಊರಿನಿಂದ ಹೆಣ್ಣೊಂದನ್ನು ತರಿಸಿದೆವು. ಅವಳ ಬಾಯಿ ನೋಡಿ ಬಜಾರಿ ಅಂತ ಹೆಸರಿಟ್ಟವಳು ನಾನೇ. ಅಪರಿಚಿತ ತೋಳಗಳನ್ನು ಒಮ್ಮೆಗೇ ಒಟ್ಟಿಗೆ ಬಿಡುವ ಹಾಗಿಲ್ಲ, ಕಚ್ಚಾಡಿ ಸಾಯುತ್ತವೆ. ನಡುವೆ ಜಾಲರಿ ಇರುವ ಅಕ್ಕಪಕ್ಕದ ಅಂಕಣಗಳಲ್ಲಿಟ್ಟು ಮೊದಲು ವಾಸನೆಯ ಪರಿಚಯ ಮಾಡಿಸಬೇಕು. ಇವನು ಮಲಗಿದ ಹುಲ್ಲು ಅವಳಿಗೆ, ಅವಳು ಮಲಗಿದ ಹುಲ್ಲು ಇವನಿಗೆ. ಎರಡೂ ಕಡೆ ನಾನು ಹಾಕಿಕೊಂಡು ಓಡಾಡುವುದು ಒಂದೇ ಕೋಟು. ಅದನ್ನು ಒಗೆಯುವುದೇ ಇಲ್ಲ. ಇಬ್ಬರ ವಾಸನೆಯೂ ಬೆರೆತ ವಸ್ತು ಅದೊಂದೇ, ನಮ್ಮ ಮದುವೆ ದಲ್ಲಾಳಿ ಅನ್ನು.

ಇಷ್ಟಾದರೂ ಅವರಿಬ್ಬರೂ ಜಾಲರಿಯ ಆಚೆ ಈಚೆ ಹಲ್ಲು ಮಸೆಯುತ್ತಲೇ ಇದ್ದರು. ಸೋಮವಾರ ಕೊನೆಯ ಸಲ ನೋಡೋಣ, ಆಗದಿದ್ದರೆ ಹೆಣ್ಣನ್ನು ವಾಪಸ್ ಕಳಿಸೋಣ ಅಂತ ನಮ್ಮ ಪ್ರಾಣಿಗಳ ಡಾಕ್ಟರು ಹೇಳಿಬಿಟ್ಟರು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಅಂತಾರಲ್ಲ, ಇನ್ನು ಯಜಮಾನ ಹೆಚ್ಚು ದಿನ ಇರಲ್ಲ ಅಂತ ಎಲ್ಲರೂ ಅವನ ಎದುರೇ ಅನ್ನುತ್ತಿದ್ದರು. ಬಜಾರಿ ಹೊರಟುಹೋದರೆ ನಾನೂ ಅಣ್ಣ ಹೇಳಿದ ಕೆಲಸಕ್ಕೆ ಹೋಗಿಬಿಡುವುದು ಎಂದು ತೀರ್ಮಾನಿಸಿದ್ದೆ. ಅವನು ಒಂಟಿಯಾಗಿ ಸೊರಗಿ ಸಾಯುವುದನ್ನು ನೋಡುವ ಶಕ್ತಿ ನನಗಿರಲಿಲ್ಲ.

ಹೀಗಿರುವಾಗ ಭಾನುವಾರ ನೀನು ಏನು ಮಾಡಿದೆ? ಮಗಳ ಕೋಟು ನಾರುತ್ತಿದೆ ಎಂದು ಗುಲಾಬಿ ಸೋಪು ಉಜ್ಜಿ ಉಜ್ಜಿ ಒಗೆದು, ಇಸ್ತ್ರಿ ಮಾಡಿ ಕುರ್ಚಿಗೆ ನೇತುಹಾಕಿದೆ. ಸೋಮವಾರ ಬೆಳಿಗ್ಗೆ ಅದನ್ನು ಎತ್ತಿ ಮೂಸಿದೆ, ತೋಳದ ವಾಸನೆ ಒಂದಿಷ್ಟೂ ಉಳಿದಿರಲಿಲ್ಲ. ನಿನ್ನ ಮುಖದಲ್ಲಿನ ಹೆಮ್ಮೆ ನೋಡಿ, ಎಷ್ಟು ಚೆನ್ನಾಗಿದೆ ಅಮ್ಮಾ ಅಂದೆ. ನಿನ್ನನ್ನು ಬಸ್ಸು ಹತ್ತಿಸಿ ದಾರಿಯುದ್ದಕ್ಕೂ ಅಳುತ್ತಾ ಕೆಲಸಕ್ಕೆ ಹೋದೆ.

ಅಲ್ಲಿ ಏನಾಯಿತು ಕೇಳು. ನಾನು ಯಜಮಾನನ ಅಂಕಣಕ್ಕೆ ಕಾಲಿಟ್ಟಿದ್ದೇ ತಡ, ಅವನ ಮೂಗು ಮೇಲೆದ್ದಿತು. ನೆಟ್ಟಗೆ ಬಂದು ಕೋಟಿನ ಅಂಚು ಕಚ್ಚಿ ಎಳೆಯತೊಡಗಿದ. ಡಾಕ್ಟರು ಹೊರಗಿನಿಂದ ಬಿಟ್ಬಿಡಿ, ಬಿಟ್ಬಿಡಿ ಅಂತ ಕೂಗಿದರು. ಕೋಟು ಕಳಚಿ ಬಿಟ್ಟು ಆಚೆ ಓಡಿದೆ. ವಿಚಿತ್ರ ವಾಸನೆ ಸಿಕ್ಕರೆ ತೋಳಕ್ಕೆ ಹಬ್ಬ ಅಮ್ಮಾ, ಅದನ್ನು ಮೈಗೆಲ್ಲ ಬಳಿದುಕೊಳ್ಳದೆ ಬಿಡುವುದಿಲ್ಲ. ಮುದುಕ ಕೋಟಿನ ಮೇಲೆ ಅಂಗಾತ ಬಿದ್ದು, ನಾಲ್ಕು ಕಾಲೂ ಆಕಾಶಕ್ಕೆ ಮಾಡಿ ಹೊರಳಿದ್ದೇ ಹೊರಳಿದ್ದು! ಪಕ್ಕದಲ್ಲಿ ಬಜಾರಿ ಜಾಲರಿ ಕೆರೆದು, ನನಗೂ ಬೇಕು ಅಂತ ಮಗುವಿನ ಹಾಗೆ ರಂಪ ಮಾಡಿದಳು.

ನಡುವಿನ ಬಾಗಿಲು ಎತ್ತಿ ಅಂದರು ಡಾಕ್ಟರು. ಕಚ್ಚಾಡಿದರೆ ಬಿಡಿಸಲು ಕೆಲಸದವನೊಬ್ಬ ನೀರಿನ ಪೈಪು ಹಿಡಿದು ಸಿದ್ಧನಾಗಿ ನಿಂತ. ನಾನು ಕಣ್ಣು ಮುಚ್ಚಿಕೊಂಡು ಹಗ್ಗ ಎಳೆದೆ. ಕಣ್ಣು ಬಿಟ್ಟರೆ, ಬಜಾರಿ ಕೋಟಿನ ಇನ್ನೊಂದು ತೋಳಿನ ಮೇಲೆ ಹೊರಳುತ್ತಿದ್ದಾಳೆ! ಎದ್ದು ಪರಸ್ಪರ ಮೂಸಿ ನೋಡಿದರು. ಇಬ್ಬರೂ ನಿನ್ನ ಸೋಪಿನ ಹಾಗೇ ಘಮ್ಮೆನ್ನುತ್ತಿದ್ದರಲ್ಲ, ಜಗಳಕ್ಕೆ ಕಾರಣವೇ ಸಿಗಲಿಲ್ಲ. ಆಮೇಲೆ ಒಂದೊಂದು ತುದಿ ಕಚ್ಚಿಕೊಂಡು ಎಳೆದಾಡಿ ನಿನ್ನ ಇಸ್ತ್ರಿಯನ್ನು ಚಿಂದಿ ಮಾಡಿದರು. ಸಂಜೆ ಯಜಮಾನ ಬಂಡೆಯೇರಿ ಕತ್ತೆತ್ತಿ ಊಳಿಟ್ಟ. ಬಜಾರಿ ದನಿಗೂಡಿಸಿದಳು. ನಾನು ಡಾಕ್ಟರ ಮುಂದೆಯೇ ಗೊಳೋ ಎಂದು ಅತ್ತೆ. ಇಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಬಜಾರಿ ಇಲ್ಲೇ ಉಳಿಯುತ್ತಾಳೆ. ಹಾಗಾಗಿ ನಾನೂ. ಅಣ್ಣನಿಗೆ ನೀನೇ ಸಮಾಧಾನ ಹೇಳು, ಶಾಲೆಯ ಕೆಲಸಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಲಿ. ನಿನಗೆ ಕೋಪ ಬರುತ್ತದೆ ಎಂದು ಗೊತ್ತು. ಬೈದು ಬರೆ, ಆದರೆ ಬರೆ.

ಗುಲಾಬಿಯೂ ಹಸಿಮಾಂಸವೂ ಸೇರಿ ನಾರುವ,
ನಿನ್ನ ಮೊಂಡು ಮಗಳು

ತಡೆ, ಇನ್ನೊಂದು ಮಾತು: ಲಕೋಟೆ ಅಂಟಿಸುವ ಹೊತ್ತಿಗೆ ನಮ್ಮ ಟಿಕೆಟ್ ಕೌಂಟರಿನ ಹೆಂಗಸು ಬಂದಳು. ಶನಿವಾರ ನಿಮ್ಮಮ್ಮ ಟಿಕೆಟ್ ತಗೊಂಡು ಬಂದಿದ್ರು, ನಿಮ್ಮದೇ ಮೂಗು, ನೋಡಿದ ತಕ್ಷಣ ಗೊತ್ತಾಯ್ತು ಅಂದಳು. ನಾನು ಹಿಂದಿನ ಕಡೆ ಕೆಲಸದಲ್ಲಿದ್ದರೆ, ನೀನು ಬಾಗಿಲು ಹಾಕುವವರೆಗೂ ಮುಂದಿನ ಕಡೆ ತೋಳದ ಬೇಲಿಯ ಹತ್ತಿರ ನಿಂತಿದ್ದೆಯಂತೆ. ಕಲ್ಲೆಸೆದವನೊಬ್ಬನನ್ನು ಹಿಡಿದು, ಬೀದಿನಾಯಿ ಅನ್ಕೊಂಡ್ಯೇನೋ, ನನ್ನ ಮಗಳು ಸಾಕಿರೋ ತೋಳ ಕಣೋ ಅಂತ ಎಲ್ಲರಿಗೂ ಕೇಳುವ ಹಾಗೆ ಬೈದೆಯಂತೆ. ಹೊರಡುವಾಗ ಅವಳ ಕೈ ಹಿಡಿದು, ನನ್ನ ಮಗಳಿಗೆ ಹೇಳ್ಬೇಡಮ್ಮ, ತಲೆ ಮೇಲೆ ಕೂತ್ಕೋತಾಳೆ ಅಂದೆಯಂತೆ. ಕೂತಾಯಿತು ಅಮ್ಮಾ.